ಎರಡೆಳೆ ತಾಮ್ರದೊಳಗೊಂದು ಅರಮನೆ!

ಒಂದು ದಾರ. ಬರೀ ದಾರ! ಉದ್ದ 2 ಮೀಟರ್. ಉಪ್ಪುನೀರಿನಲ್ಲಿ ಅದ್ದಿ ತೆಗೆದಿದ್ದಾರೆ. ನೀರು ತೊಟ್ಟಿಕ್ಕುತ್ತಿದೆ.

ಬ್ರಾಡ್‌ಬ್ಯಾಂಡ್ ಮೋಡೆಮ್‌ಗೆ ಫೋನ್ ತಂತಿ ಬರಬೇಕಾದ ಜಾಗದಲ್ಲಿ ಈ ಒದ್ದೆ ದಾರವನ್ನು ಕಟ್ಟುತ್ತಾರೆ. ಮೋಡೆಮ್ ಹಚ್ಚುತ್ತಾರೆ.

ಏನಾಗಿರಬಹುದು? ಓದುವುದನ್ನು ಒಂದು ಕ್ಷಣ ನಿಲ್ಲಿಸಿ. ಊಹಿಸಿ!

‘ಏನೂ ಆಗಿರಲಿಕ್ಕಿಲ್ಲ’ ಅಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು! ಸಂಪರ್ಕ ಸಿಕ್ಕಿತು. ಇಂಟರ್ನೆಟ್ ಬಂತು. ಒದ್ದೆ ದಾರದ ಮೇಲೆ!

ಇದು ಕಟ್ಟುಕಥೆಯಲ್ಲ. 2017ರ ಡಿಸೆಂಬರ್. ಇಂಗ್ಲೆಂಡಿನ ಆಂಡ್ರ್ಯೂಸ್ ಅಂಡ್ ಆರ್ನಲ್ಡ್ ಎಂಬ ಪುಟ್ಟ ಇಂಟರ್ನೆಟ್ ಕಂಪನಿ. ‘ಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ತರುವ ಈ ಎಡಿಎಸ್ಎಲ್ ಅನ್ನುವುದು ಒದ್ದೆ ದಾರದ ಮೇಲೂ ಓಡುತ್ತದೆ’ ಅಂತ ಆ ಕಸುಬಿನವರು ಮಾತಿಗೆ ಹೇಳಿಕೊಳ್ಳುತ್ತಿದ್ದರು. ಇವರು ನಿಜಕ್ಕೂ ಓಡಿಸಿಯೇ ನೋಡಿದರು!

ವೇಗ ಎಷ್ಟು ಬಂತು ಹೇಳಿ ನೋಡೋಣ? 3.5 ಎಂಬಿಪಿಎಸ್!

ಈ ಸಂಖ್ಯೆ ಸಣ್ಣದು ಅನಿಸಿತೇ? ಹಾಗಾದರೆ ಇದನ್ನು ಕೇಳಿ. 2004ರಲ್ಲಿ ಭಾರತ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿದಾಗ, ‘ಬ್ರಾಡ್‌ಬ್ಯಾಂಡ್’ ಅನ್ನಿಸಿಕೊಳ್ಳಲು ಇಟ್ಟ ಅಳತೆ 256 ಕೆಬಿಪಿಎಸ್. ಒದ್ದೆ ದಾರ ಅದಕ್ಕಿಂತ ಹೆಚ್ಚುಕಡಿಮೆ 14 ಪಟ್ಟು ಮುಂದೆ ಓಡಿತು!

ಉಪ್ಪುನೀರು ಹೀರಿದ ದಾರವೇ ಇಷ್ಟು ಮಾಡುವುದಾದರೆ, ಅಪ್ಪಟ ತಾಮ್ರ ಏನು ಮಾಡೀತು?

ಅಲ್ಲಿಂದಲೇ ನಮ್ಮ ಕಥೆ ಶುರು.

ನಿಮ್ಮ ಊಹೆಯನ್ನು ಬರೆದಿಡಿ

ಆ ತಂತಿ ನಿಮಗೆ ಗೊತ್ತು. ರಸ್ತೆಯ ಕಂಬದಿಂದ ಹೊರಟು, ತೆಂಗಿನ ಗರಿಗಳ ನಡುವೆ ನುಸುಳಿ, ಕಿಟಕಿಯ ಸಂದಿಯಲ್ಲಿ ಮನೆಯೊಳಗೆ ಬರುತ್ತಿತ್ತಲ್ಲ, ಅದೇ! ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ತಯಾರಾದ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನಿಗೆ ಜೀವ ಕೊಡುತ್ತಿದ್ದದ್ದು ಅದೇ. ಅದರ ಮೇಲೆ ಕಾಗೆ ಕೂರುತ್ತಿತ್ತು, ಮಳೆಗಾಲದಲ್ಲಿ ಅದು ‘ಡೆಡ್’ ಆಗುತ್ತಿತ್ತು.

ಅದನ್ನು ಯಾರು ತಾನೇ ಅಚ್ಚರಿಯಿಂದ ನೋಡಿದ್ದರು? ಹಿತ್ತಲ ಗಿಡ ಮದ್ದಲ್ಲವಲ್ಲ!

ಈಗ ನಿಮಗೊಂದು ಸವಾಲು.

1962ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ‘ಬೆಲ್ 103’ ಎಂಬ ಮೋಡೆಮ್ ಹೊರತಂದಿತು. ಫೋನ್ ತಂತಿಯ ಮೇಲೆ ಕಂಪ್ಯೂಟರಿನ ಮಾತು! ಅದರ ವೇಗ ಸೆಕೆಂಡಿಗೆ 300 ಬಿಟ್. ನೀವು ಓದುವ ವೇಗಕ್ಕಿಂತ ಚೂರು ಹೆಚ್ಚು, ಅಷ್ಟೇ.

52 ವರ್ಷಗಳ ನಂತರ, 2014ರಲ್ಲಿ, ಫೋನಿಗೆಂದೇ ಮಾಡಿದ ತಾಮ್ರದ ಎಳೆಗಳ ಮೇಲೆ ಪ್ರಯೋಗಾಲಯದಲ್ಲಿ ಒಂದು ದಾಖಲೆ ಆಯಿತು. ಚಿನ್ನದ ತಂತಿಯಲ್ಲ, ಗಾಜಿನ ಎಳೆಯಲ್ಲ. ಅದೇ ತಾಮ್ರ!

ವೇಗ ಎಷ್ಟು ಪಟ್ಟು ಹೆಚ್ಚಿತ್ತು? 100 ಪಟ್ಟೇ? 1,000 ಪಟ್ಟೇ? ಲಕ್ಷವೇ?

ಒಂದು ಚೀಟಿಯಲ್ಲಿ ಬರೆದು ಮಡಿಸಿಡಿ. ಕೊನೆಯಲ್ಲಿ ಬಿಚ್ಚೋಣ. ನೀವು ಎಷ್ಟೇ ಧೈರ್ಯ ಮಾಡಿ ಬರೆದರೂ ಸಾಲದು ಅಂತ ನನ್ನ ಪಂಥ!

ನೂರು ವರ್ಷ ಜಗಲಿಯಲ್ಲೇ!

ಮನುಷ್ಯನ ಮಾತು ಫೋನಿನಲ್ಲಿ ಅರ್ಥವಾಗಲು ಎಷ್ಟು ಜಾಗ ಬೇಕು? 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಾಂಕಗಳು ಸಾಕು. ಆಕಾಶವಾಣಿಯವರು ‘ಕಂಪನಾಂಕ ಇಷ್ಟು’ ಅಂತ ಹೇಳುತ್ತಾರಲ್ಲ, ಅದೇ ಕಂಪನಾಂಕ. ಟೆಲಿಫೋನ್ ಇಲಾಖೆಗಳು ಲೆಕ್ಕ ಸುಲಭವಾಗಲೆಂದು ಒಂದು ಮಾತಿಗೆ 4 ಕಿಲೋಹರ್ಟ್ಸ್ ಜಾಗ ಕೊಟ್ಟವು. ಎಕ್ಸ್‌ಚೇಂಜಿನಲ್ಲಿ ಸೋಸುಗ ಹಾಕಿ ಉಳಿದದ್ದನ್ನೆಲ್ಲ ತಡೆದವು.

ಡಯಲ್-ಅಪ್ ಮೋಡೆಮ್ ನೆನಪಿದೆಯೇ? ಕೀಂ... ಕರ್ರ್... ಟೊಂಯ್... ಅಂತ ಕೂಗಿ ಕೂಗಿ ಇಂಟರ್ನೆಟ್ ತರುತ್ತಿತ್ತು! ಅದು 56 ಕೆಬಿಪಿಎಸ್ ದಾಟಲೇ ಇಲ್ಲ. ಯಾಕೆ? ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಿತ್ತು. ಪ್ರತಿ ಅಳತೆಯಲ್ಲಿ ಮೋಡೆಮ್ ನೆಚ್ಚಿಕೊಳ್ಳಬಹುದಾಗಿದ್ದದ್ದು 7 ಬಿಟ್. ಗುಣಿಸಿ ನೋಡಿ: 56,000! ಅಲ್ಲಿಗೆ ಮುಗಿಯಿತು.

ಎಲ್ಲರೂ ಏನಂದುಕೊಂಡರು? ‘ತಂತಿಯ ಶಕ್ತಿ ಇಷ್ಟೇ.’

ಪಾಪ, ತಂತಿಯ ತಪ್ಪೇ ಇರಲಿಲ್ಲ! ತಡೆ ಇದ್ದದ್ದು ಎಕ್ಸ್‌ಚೇಂಜಿನಲ್ಲಿ. ತಾಮ್ರದ ಎಳೆಗೆ 4 ಕಿಲೋಹರ್ಟ್ಸ್ ಅನ್ನುವ ಗೆರೆಯೇ ಗೊತ್ತಿಲ್ಲ.

ಎಡಿಎಸ್ಎಲ್ ಬಂದಾಗ ಅದೇ ತಂತಿಯಲ್ಲಿ ಬಳಕೆಯಾದದ್ದು 1,104 ಕಿಲೋಹರ್ಟ್ಸ್. ಮಾತಿನ ಪಾಲಿನ 276 ಪಟ್ಟು! ಮುಂದೆ ಅದರ ಸುಧಾರಿತ ರೂಪ ವಿಡಿಎಸ್ಎಲ್2 ಬಂತು: 4,000 ಪಟ್ಟಿಗೂ ಹೆಚ್ಚು! ಆಮೇಲೆ ಜಿ.ಫಾಸ್ಟ್: 26,000 ಪಟ್ಟಿಗೂ ಹೆಚ್ಚು!

ಕಣ್ಣು ಮುಚ್ಚಿ ಚಿತ್ರಿಸಿಕೊಳ್ಳಿ. 26,000 ಅಂಕಣದ ಒಂದು ಅರಮನೆ. ಒಂದು ಕುಟುಂಬ ಅದರ ಜಗಲಿಯಲ್ಲಿ ನೂರು ವರ್ಷದಿಂದ ಕೂತಿದೆ. ಅಲ್ಲೇ ಹರಟೆ, ಅಲ್ಲೇ ಊಟ, ಅಲ್ಲೇ ನಿದ್ದೆ. ‘ಮನೆ ಇಕ್ಕಟ್ಟು’ ಅಂತ ಗೊಣಗಾಟ ಬೇರೆ. ಹಿಂದಿದ್ದ ಬಾಗಿಲನ್ನು ಯಾರೂ ತಳ್ಳಿರಲಿಲ್ಲ!

ಕೀಲಿಕೈ ಇದ್ದದ್ದು 1948ರಲ್ಲೇ!

ಬಾಗಿಲ ಕೀಲಿಕೈ ಯಾರ ಹತ್ತಿರ ಇತ್ತು?

ಕ್ಲಾಡ್ ಶ್ಯಾನನ್. ಅಮೆರಿಕದ ಬೆಲ್ ಲ್ಯಾಬ್ಸ್‌ನ ಗಣಿತಜ್ಞ. 1948ರಲ್ಲಿ ಒಂದು ಪ್ರಬಂಧ ಬರೆದರು. ಯಾವುದೇ ದಾರಿಯಲ್ಲಿ ಎಷ್ಟು ಮಾಹಿತಿ ಹರಿಯಬಹುದು ಅನ್ನುವುದಕ್ಕೆ ಒಂದೇ ಸಾಲಿನ ಸೂತ್ರ ಕೊಟ್ಟರು.

ಸೂತ್ರದ ತಿರುಳು ಏನು ಗೊತ್ತೇ? ಎರಡೇ ಮಾತು. ದಾರಿ ಎಷ್ಟು ಅಗಲ? ಗಲಾಟೆ ಎಷ್ಟು ಕಡಿಮೆ? ಅಷ್ಟೇ!

ಅಗಲ ಹೆಚ್ಚಿಸಿ, ಗಲಾಟೆ ತಗ್ಗಿಸಿ, ವೇಗ ತಾನಾಗಿ ಬರುತ್ತದೆ. ಇನ್ನು ಮುಂದೆ ನಾನು ಹೇಳುವ ಪ್ರತಿ ಪವಾಡವೂ ಈ ಎರಡರಲ್ಲಿ ಒಂದು.

ಒಂದು ಸೋಜಿಗ ಹೇಳಲೇ? ಬೆಂಗಳೂರಿನಲ್ಲಿ ಐಟಿಐ ಹುಟ್ಟಿದ್ದೂ ಅದೇ 1948ರಲ್ಲಿ! ಇತ್ತ ಆ ಕಾರ್ಖಾನೆಯ ಫೋನುಗಳು ಮನೆಮನೆಯ ತಂತಿಗೆ ಜೋತುಬೀಳಲು ಹೊರಟವು. ಅತ್ತ ಆ ತಂತಿಯೊಳಗೆ ಏನೆಲ್ಲ ಹಿಡಿಸಬಹುದೆಂದು ಲೆಕ್ಕ ಹಾಕುವ ಸೂತ್ರ ಆಗಲೇ ಅಚ್ಚಾಗಿತ್ತು. ಎರಡೂ ಒಂದೇ ವಾರಗೆಯವು!

ದೂರದ ಜಾತ್ರೆಯ ಡೊಳ್ಳು

ಹಾಗಾದರೆ ಬಾಗಿಲು ತಳ್ಳಿ ಒಳಗೆ ಹೋಗುವುದೇ ತಾನೇ? ತಡವೇನು?

ಇಲ್ಲೊಂದು ತೊಡಕಿದೆ. ಪಕ್ಕದೂರಿನ ಜಾತ್ರೆಯ ಸದ್ದನ್ನು ನಿಮ್ಮ ಮನೆಯಿಂದ ಕೇಳಿದ್ದೀರಾ? ಡೊಳ್ಳಿನ ದಢಂ ದಢಂ ಬರುತ್ತದೆ, ತಾಳದ ಕಿಣಿಕಿಣಿ ದಾರಿಯಲ್ಲೇ ಸೋರಿಹೋಗುತ್ತದೆ. ತಾಮ್ರದ ತಂತಿಯಲ್ಲೂ ಹಾಗೇ. ಕಂಪನಾಂಕ ಏರಿದಷ್ಟೂ ಸಂಕೇತ ಬೇಗ ಬಳಲುತ್ತದೆ.

ಯಾಕೆ? ಇದನ್ನು ಕೇಳಿ ನಾನು ಮೂಗಿನ ಮೇಲೆ ಬೆರಳಿಟ್ಟೆ!

ಕಂಪನಾಂಕ ಏರಿದ ಹಾಗೆ ವಿದ್ಯುತ್ತು ತಂತಿಯ ಒಡಲನ್ನು ಬಿಟ್ಟು ಮೈಮೇಲೆ ಹರಿಯತೊಡಗುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಅದು ಬಳಸುವ ತಾಮ್ರದ ದಪ್ಪ ಎಷ್ಟು? ಸುಮಾರು 0.065 ಮಿಲಿಮೀಟರ್. ನಿಮ್ಮ ತಲೆಗೂದಲಿನಷ್ಟು! 100 ಮೆಗಾಹರ್ಟ್ಸ್‌ಗೆ ಹೋದರೆ? ಕೂದಲಿನ ಹತ್ತನೇ ಒಂದು ಪಾಲು!

ಅಂದರೆ ಅರ್ಧ ಮಿಲಿಮೀಟರ್ ದಪ್ಪದ ತಂತಿ ಇದ್ದರೂ ಮಾಹಿತಿ ಓಡುವುದು ಅದರ ಸಿಪ್ಪೆಯ ಮೇಲೆ. ತಿರುಳೆಲ್ಲ ಸುಮ್ಮನೆ ಕೂತಿರುತ್ತದೆ!

ಇಷ್ಟು ಸಾಲದೆಂದು ಪ್ರತಿ ತಂತಿಯ ಜಾತಕವೂ ಬೇರೆ. ಒಂದಕ್ಕೆ ನಡುವೆ ಹಳೆಯ ಗಂಟು, ಇನ್ನೊಂದಕ್ಕೆ ನೀರು ಕುಡಿದ ಜೋಡಣೆ, ಮತ್ತೊಂದರ ಪಕ್ಕದಲ್ಲಿ ರೇಡಿಯೋ ಕೇಂದ್ರ. ಕೋಟಿಗಟ್ಟಲೆ ತಂತಿಗಳು, ಕೋಟಿಗಟ್ಟಲೆ ಕಾಯಿಲೆಗಳು. ಎಲ್ಲಕ್ಕೂ ಒಂದೇ ಔಷಧಿ ಹೇಗೆ ಕೊಡುತ್ತೀರಿ?

256 ಪುಟ್ಟ ಓಣಿಗಳು

ಔಷಧಿ ತಂದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಚಿಯೋಫಿ.

ಅವರ ಉಪಾಯ ಎಷ್ಟು ಸರಳ ನೋಡಿ! ಹೆದ್ದಾರಿಯನ್ನು ಒಂದೇ ಹೆದ್ದಾರಿಯಾಗಿ ಬಳಸಬೇಡಿ. ಅದನ್ನು 256 ಪುಟ್ಟ ಓಣಿಗಳಾಗಿ ಸೀಳಿ. ಒಂದೊಂದರ ಅಗಲ 4.3125 ಕಿಲೋಹರ್ಟ್ಸ್.

ಆಮೇಲೆ? ಪ್ರತಿ ಓಣಿಯನ್ನೂ ಮಾತನಾಡಿಸಿ! ‘ನೀನು ಹೇಗಿದ್ದೀಯಪ್ಪ? ಎಷ್ಟು ಹೊರಬಲ್ಲೆ?’ ಗಟ್ಟಿಯಾಗಿರುವ ಓಣಿಗೆ ಹೆಚ್ಚು ಹೊರೆ. ಬಳಲಿರುವ ಓಣಿಗೆ ಕಡಿಮೆ. ರೇಡಿಯೋ ಕೇಂದ್ರ ಕೂಗುತ್ತಿರುವ ಓಣಿಯೇ? ಅದನ್ನು ಖಾಲಿ ಬಿಡಿ!

ಮೋಡೆಮ್ ಹಚ್ಚಿದ ಮೇಲೆ ದೀಪ ಸ್ವಲ್ಪ ಹೊತ್ತು ಮಿಣಮಿಣ ಅನ್ನುತ್ತಿತ್ತಲ್ಲ? ಆಗ ಅದು ಮಾಡುತ್ತಿದ್ದ ಕೆಲಸ ಇದೇ. ನಿಮ್ಮ ತಂತಿಯ ನಾಡಿ ಹಿಡಿದು ನೋಡುತ್ತಿತ್ತು. ಓಣಿ ಓಣಿ ಸುತ್ತಿ ಬರುತ್ತಿತ್ತು!

ಒಂದೊಂದು ಓಣಿಯ ಕಸರತ್ತನ್ನು ಕೇಳಿ. ಸೆಕೆಂಡಿಗೆ 4,000 ಸಲ ಒಂದು ಪುಟ್ಟ ಅಲೆ ಹೊರಡುತ್ತದೆ. ಓಣಿ ಚೆನ್ನಾಗಿದ್ದರೆ ಒಂದು ಅಲೆಯ ಮೇಲೆ 15 ಬಿಟ್ ಕೂರುತ್ತವೆ. ಹಾಗೆಂದರೆ? ಆ ಅಲೆಗೆ 32,768 ಬಗೆಯ ರೂಪಗಳಿವೆ! ಕಿಲೋಮೀಟರುಗಟ್ಟಲೆ ಸವೆದು ಬಂದ ಅಲೆಯನ್ನು ನೋಡಿ, ‘ಇದು 32,768ರಲ್ಲಿ ಇಂಥದ್ದೇ’ ಅಂತ ಮೋಡೆಮ್ ಗುರುತು ಹಿಡಿಯಬೇಕು. ಸೆಕೆಂಡಿಗೆ 4,000 ಸಲ. ಒಂದೇ ಹೊತ್ತಿಗೆ ಎಲ್ಲ ಓಣಿಗಳಲ್ಲೂ!

ಸಾಸಿವೆ ರಾಶಿಯಲ್ಲಿ ಒಂದೊಂದು ಕಾಳಿಗೂ ಹೆಸರಿಟ್ಟು ಕರೆದಂತೆ!

1993ರಲ್ಲಿ ಅಮೆರಿಕದಲ್ಲಿ ಪೈಪೋಟಿ ನಡೆಯಿತು. ದೊಡ್ಡ ದೊಡ್ಡ ಕಂಪನಿಗಳ ಬೇರೆ ಬೇರೆ ವಿಧಾನಗಳು ಕಣದಲ್ಲಿದ್ದವು. ಚಿಯೋಫಿ ಕಟ್ಟಿದ್ದ ಅಮಾಟಿ ಎಂಬ ಚಿಕ್ಕ ಕಂಪನಿ ತನ್ನ 256 ಓಣಿಗಳ ಪೆಟ್ಟಿಗೆ ಹೊತ್ತು ಬಂತು. ಗೆದ್ದವರು ಯಾರು? ಪುಟ್ಟ ಅಮಾಟಿ! ಆ ವಿಧಾನವೇ ಅಲ್ಲಿಂದ ಮುಂದೆ ಮಾನದಂಡವಾಯಿತು.

ಇನ್ನೊಬ್ಬರನ್ನೂ ನೆನೆಯಲೇಬೇಕು. ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್ಲೈಡರ್. ‘ಎರಡೂ ದಿಕ್ಕಿಗೆ ಒಂದೇ ವೇಗ ಯಾಕೆ ಬೇಕು?’ ಅಂತ ಕೇಳಿದವರು ಅವರು. ಮನೆಯವರು ತರಿಸಿಕೊಳ್ಳುವುದೇ ಹೆಚ್ಚು, ಕಳಿಸುವುದು ಕಡಿಮೆ. ಕಳಿಸುವ ದಿಕ್ಕನ್ನು ನಿಧಾನ ಮಾಡಿದರೆ ತಂತಿಗಳ ನಡುವಿನ ಗಲಾಟೆ ಇಳಿಯುತ್ತದೆ, ತರಿಸುವ ದಿಕ್ಕು ಜಿಗಿಯುತ್ತದೆ! ಎಡಿಎಸ್ಎಲ್‌ನ ಮೊದಲ ಅಕ್ಷರ ಹೇಳುವುದು ಈ ಅಸಮತೆಯನ್ನೇ.

ಫಲ? 56 ಕೆಬಿಪಿಎಸ್‌ಗೆ ಏದುಸಿರು ಬಿಡುತ್ತಿದ್ದ ತಂತಿಯ ಮೇಲೆ 8 ಎಂಬಿಪಿಎಸ್. 140 ಪಟ್ಟಿಗೂ ಹೆಚ್ಚು! ಅದೂ ಅಜ್ಜಿ ಅದೇ ತಂತಿಯಲ್ಲಿ ಮಗಳ ಜೊತೆ ಫೋನಿನಲ್ಲಿ ಮಾತನಾಡುತ್ತಿರುವಾಗಲೇ! ಜಗಲಿಯಲ್ಲಿ ಅಜ್ಜಿ, ಒಳಮನೆಯಲ್ಲಿ ಇಂಟರ್ನೆಟ್. ನಡುವೆ ಸ್ಪ್ಲಿಟರ್ ಎಂಬ ಪುಟ್ಟ ಬಾಗಿಲು.

ಒದ್ದೆ ದಾರದ ಗುಟ್ಟು ಈಗ ಬಯಲಾಯಿತೇ? ಮೋಡೆಮ್‌ಗೆ ಅದು ತಾಮ್ರವೋ ದಾರವೋ ಎಂಬ ಭೇದವಿಲ್ಲ. ಎಷ್ಟು ಓಣಿ ಉಸಿರಾಡುತ್ತಿವೆಯೋ ಅಷ್ಟರಲ್ಲಿ ಸಂಸಾರ ಹೂಡುತ್ತದೆ!

ಬೆಳಗಿನ 7 ಗಂಟೆಯ ಕಳ್ಳ

ಈಗೊಂದು ಪತ್ತೇದಾರಿ ಕಥೆ. ಅಪರಾಧಿ ಯಾರೆಂದು ನೀವೇ ಹೇಳಬೇಕು!

ಜಾಗ: ವೇಲ್ಸ್‌ನ ಅಬರ್‌ಹೋಸನ್ ಎಂಬ ಹಳ್ಳಿ. ಸಮಸ್ಯೆ: ದಿನಾ ಬೆಳಗ್ಗೆ 7 ಗಂಟೆಗೆ ಇಡೀ ಊರಿನ ಬ್ರಾಡ್‌ಬ್ಯಾಂಡ್ ಕುಸಿಯುತ್ತದೆ. ಒಂದು ದಿನವಲ್ಲ, ಎರಡು ದಿನವಲ್ಲ. 18 ತಿಂಗಳು!

ಎಂಜಿನಿಯರುಗಳು ಬಂದರು. ಪರೀಕ್ಷೆ ಮಾಡಿದರು. ಎಲ್ಲ ಸರಿ ಇದೆ! ಕೇಬಲ್‌ನ ದೊಡ್ಡ ದೊಡ್ಡ ಭಾಗಗಳನ್ನೇ ಬದಲಾಯಿಸಿದರು. ಮರುದಿನ 7 ಗಂಟೆಗೆ ಮತ್ತೆ ಅದೇ ಕಥೆ!

ಕೊನೆಗೆ ಕಂಪನಾಂಕ ಅಳೆಯುವ ಉಪಕರಣ ಕೈಯಲ್ಲಿ ಹಿಡಿದು, ಜಡಿಮಳೆಯಲ್ಲಿ, ಬೆಳಗಿನ 6 ಗಂಟೆಗೆ ಊರು ಸುತ್ತಿದರು. ಕಾದರು. ಗಡಿಯಾರ 7 ಹೊಡೆಯಿತು. ಉಪಕರಣ ಚೀರಿತು! ಸದ್ದು ಬಂದ ಮನೆಗೆ ಹೋದರು.

ಕಳ್ಳ ಯಾರು? ಊಹಿಸಿದಿರಾ?

ಒಂದು ಹಳೆಯ ಟಿವಿ! ಸೆಕೆಂಡ್ ಹ್ಯಾಂಡಾಗಿ ಕೊಂಡದ್ದು. ಮನೆಯವರು ದಿನಾ ಬೆಳಗ್ಗೆ 7ಕ್ಕೆ ಅದನ್ನು ಹಚ್ಚುತ್ತಿದ್ದರು. ಹಚ್ಚಿದ ಕೂಡಲೇ ಅದರಿಂದ ಚಿಮ್ಮಿದ ವಿದ್ಯುತ್ ಗದ್ದಲ ತಂತಿಗಳಿಗೆ ನುಗ್ಗಿ, ಇಡೀ ಊರಿನ ಓಣಿಗಳನ್ನೆಲ್ಲ ಒಮ್ಮೆಗೇ ಮುಳುಗಿಸುತ್ತಿತ್ತು! 2020ರಲ್ಲಿ ಈ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ವಿಷಯ ತಿಳಿದು ಆ ಮನೆಯವರು ನಾಚಿ ನೀರಾದರು. ಮತ್ತೆಂದೂ ಅದನ್ನು ಹಚ್ಚುವುದಿಲ್ಲವೆಂದರು.

ಗಲಾಟೆ ಎಂದರೆ ಎಷ್ಟು ದೊಡ್ಡ ಶತ್ರು, ಕಂಡಿರಾ? ಶ್ಯಾನನ್ ಸೂತ್ರದ ಎರಡನೇ ಮಾತು!

ಆದರೆ ತಾಮ್ರದ ಅತಿ ದೊಡ್ಡ ಗಲಾಟೆ ಟಿವಿಯಿಂದ ಬರುವುದಲ್ಲ. ಮತ್ತೆ ಯಾರಿಂದ? ನಿಮ್ಮ ನೆರೆಮನೆಯವರಿಂದ!

ಮದುವೆ ಊಟದ ಪಂಕ್ತಿ

ಎಕ್ಸ್‌ಚೇಂಜಿನಿಂದ ಹೊರಡುವ ಒಂದೇ ದಪ್ಪ ಕೇಬಲ್‌ನಲ್ಲಿ ನೂರಾರು ಜೋಡಿ ಎಳೆಗಳು ಒತ್ತೊತ್ತಾಗಿ ಮಲಗಿರುತ್ತವೆ. ನಿಮ್ಮ ಎಳೆಯಲ್ಲಿ ಹರಿಯುವುದು ಪಕ್ಕದ ಎಳೆಗೆ ಸೋರುತ್ತದೆ, ಅಲ್ಲಿಯದು ನಿಮ್ಮಲ್ಲಿಗೆ. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದ ಹಾಗೆ. ಪಕ್ಕದವರಿಗೆ ಕೇಳಿಸಲೆಂದು ನೀವು ದನಿ ಏರಿಸುತ್ತೀರಿ, ಅವರೂ ಏರಿಸುತ್ತಾರೆ, ಕಡೆಗೆ ಯಾರಿಗೂ ಏನೂ ಕೇಳದು!

ವಿಡಿಎಸ್ಎಲ್2 ಬಂದಾಗ ಓಣಿಗಳು 4,096 ಆದವು. ಕಂಪನಾಂಕ ಏರಿತು. ಏರಿದಷ್ಟೂ ಸೋರಿಕೆ ಹೆಚ್ಚಿತು. ಕೇಬಲ್‌ನಲ್ಲಿ ಒಬ್ಬರೇ ಇದ್ದರೆ ರಾಜಯೋಗ, ಎಲ್ಲರೂ ಬಂದರೆ ರಗಳೆ!

ಪರಿಹಾರ? ಪಂಕ್ತಿಯಲ್ಲಿ ಅರ್ಧ ಜನರನ್ನು ಎಬ್ಬಿಸಿ ಕಳಿಸುವುದೇ? ಇಲ್ಲ! 2010ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾದ ‘ವೆಕ್ಟರಿಂಗ್’ ಮಾಡಿದ ಕೆಲಸ ಕೇಳಿ. ನನಗಂತೂ ಇದು ಈ ಕಥೆಯಲ್ಲೇ ಅತ್ಯಂತ ಸುಂದರ ಘಟ್ಟ.

ಎಲ್ಲ ಎಳೆಗಳೂ ರಸ್ತೆ ಬದಿಯ ಒಂದೇ ಪೆಟ್ಟಿಗೆಯಿಂದ ಮನೆಗಳತ್ತ ಹೊರಡುತ್ತವೆ, ಅಲ್ಲವೇ? ಹಾಗಿದ್ದರೆ ಯಾವ ಎಳೆಯಲ್ಲಿ ಏನು ಹೊರಟಿದೆ ಅನ್ನುವುದು ಆ ಪೆಟ್ಟಿಗೆಗೆ ಮೊದಲೇ ಗೊತ್ತು. ಯಾವುದರಿಂದ ಯಾವುದಕ್ಕೆ ಎಷ್ಟು ಸೋರುತ್ತದೆ ಅನ್ನುವುದನ್ನೂ ಮೋಡೆಮ್‌ಗಳ ನೆರವಿನಿಂದ ಅಳೆದಿಟ್ಟುಕೊಂಡಿದೆ. ಆದ್ದರಿಂದ ನಿಮ್ಮ ಸಂಕೇತ ಕಳಿಸುವ ಮೊದಲೇ, ಮುಂದೆ ಸೋರಿ ಬರಲಿರುವ ಗಲಾಟೆಯ ನೇರ ವಿರುದ್ಧದ ಅಲೆಯನ್ನು ಅದರೊಳಗೆ ಬೆರೆಸಿ ಕಳಿಸುತ್ತದೆ!

ದಾರಿಯಲ್ಲಿ ಗಲಾಟೆ ಸೇರುತ್ತದೆ. ವಿರುದ್ಧದ ಅಲೆ ಅದಕ್ಕೆ ಎದುರಾಗುತ್ತದೆ. ಎರಡೂ ಒಂದನ್ನೊಂದು ನುಂಗುತ್ತವೆ. ನಿಮ್ಮ ಮನೆಗೆ ತಲುಪುವ ಹೊತ್ತಿಗೆ? ಮೌನ! ನಿಮ್ಮ ಸಂಕೇತ ಮಾತ್ರ!

ಇನ್ನೂ ಹುಟ್ಟಿರದ ಗಲಾಟೆಗೆ ಮೊದಲೇ ಮದ್ದು ಅರೆದಿಡುವುದು ಅಂದರೆ ಇದು!

ಲೆಕ್ಕ ಎಷ್ಟಾಗಬಹುದು? ನೀವೇ ಹಾಕಿ. ಒಂದು ಕೇಬಲ್‌ನಲ್ಲಿ 100 ಮನೆ ಎನ್ನೋಣ. ಪ್ರತಿ ಮನೆಗೂ ಉಳಿದ 99 ಮನೆಗಳಿಂದ ಸೋರಿಕೆ. ಒಟ್ಟು 9,900 ಸೋರುದಾರಿಗಳು. ಇದು ಒಂದು ಓಣಿಯಲ್ಲಿ. ಓಣಿಗಳು 4,096! ಗುಣಿಸಿದರೆ 4 ಕೋಟಿ ದಾಟಿತು. ಮುಗಿಯಲಿಲ್ಲ! ಅಲೆಗಳು ಸೆಕೆಂಡಿಗೆ 4,000 ಸಲ.

ಒಟ್ಟು? ಪ್ರತಿ ಸೆಕೆಂಡಿಗೆ 16,000 ಕೋಟಿಗೂ ಹೆಚ್ಚು ಗುಣಾಕಾರ! ರಸ್ತೆ ಬದಿಯ ಒಂದು ತಗಡಿನ ಪೆಟ್ಟಿಗೆಯೊಳಗೆ! ಮಳೆ, ಬಿಸಿಲು, ಧೂಳಿನಲ್ಲಿ ನಿಂತುಕೊಂಡು!

ಇಲ್ಲದ ತಂತಿ

ಉಸಿರು ಎಳೆದುಕೊಳ್ಳಿ. ಇನ್ನೊಂದಿದೆ.

ನಿಮ್ಮ ಹತ್ತಿರ ಎರಡು ಜೋಡಿ ತಂತಿಗಳಿವೆ. ಎಷ್ಟು ಸಂಪರ್ಕ ಸಿಗುತ್ತದೆ? ‘ಎರಡು’ ಅಂದಿರಾ?

ಮೂರು!

ಮೂರನೆಯದು ಎಲ್ಲಿಂದ ಬಂತು? ಮೊದಲ ಜೋಡಿಯ ಎರಡೂ ಎಳೆಗಳನ್ನು ಸೇರಿಸಿ ‘ಒಂದು ತಂತಿ’ ಎಂದುಕೊಳ್ಳಿ. ಎರಡನೇ ಜೋಡಿಯನ್ನು ‘ಇನ್ನೊಂದು ತಂತಿ’ ಎಂದುಕೊಳ್ಳಿ. ಈ ಎರಡರ ನಡುವೆ ಹೊಸದೊಂದು ಜೋಡಿ ಹುಟ್ಟಿತಲ್ಲ! ಅದರ ಮೇಲೂ ಮಾಹಿತಿ ಕಳಿಸಬಹುದು. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ!

ಎಂಜಿನಿಯರುಗಳು ಇದಕ್ಕಿಟ್ಟ ಹೆಸರು ‘ಫ್ಯಾಂಟಮ್’. ಅಂದರೆ ಭೂತ! ಉಪಾಯ ಹೊಸದಲ್ಲ, 19ನೇ ಶತಮಾನದ ಟೆಲಿಫೋನ್ ಎಂಜಿನಿಯರುಗಳಿಗೇ ಹೊಳೆದಿತ್ತು. ಅದನ್ನು 2010ರಲ್ಲಿ ಬೆಲ್ ಲ್ಯಾಬ್ಸ್ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ವೆಕ್ಟರಿಂಗ್ ಜೊತೆ ಸೇರಿಸಿತು. ಎರಡು ಜೋಡಿ ತಂತಿಗಳ ಮೇಲೆ, 400 ಮೀಟರ್ ದೂರಕ್ಕೆ 300 ಎಂಬಿಪಿಎಸ್! 1 ಕಿಲೋಮೀಟರ್ ದೂರಕ್ಕೆ 100 ಎಂಬಿಪಿಎಸ್!

ಅಲ್ಲಿಗೇ ನಿಲ್ಲಲಿಲ್ಲ. 2014ರ ಡಿಸೆಂಬರ್‌ನಲ್ಲಿ ಜಿ.ಫಾಸ್ಟ್ ಮಾನದಂಡಕ್ಕೆ ಒಪ್ಪಿಗೆ ಸಿಕ್ಕಿತು. ಅಲೆಗಳು ಸೆಕೆಂಡಿಗೆ 4,000 ಅಲ್ಲ, 48,000! ಗುರಿ 1 ಜಿಬಿಪಿಎಸ್. ಆಪ್ಟಿಕಲ್ ಫೈಬರ್ ಬೀದಿಯ ಪೆಟ್ಟಿಗೆಯವರೆಗೆ ಬರಲಿ, ಅಲ್ಲಿಂದ ಮನೆಗೆ ಹಳೆಯ ತಾಮ್ರವೇ ಸಾಕು. ಗೋಡೆ ಕೊರೆಯುವುದು ಬೇಡ, ಅಂಗಳ ಅಗೆಯುವುದು ಬೇಡ. 2016ರಲ್ಲಿ ಸ್ವಿಟ್ಜರ್‌ಲೆಂಡಿನ ಸ್ವಿಸ್‌ಕಾಮ್ ಇದನ್ನು ಗ್ರಾಹಕರಿಗೆ ಕೊಟ್ಟೂ ಬಿಟ್ಟಿತು!

ಚೀಟಿ ಬಿಚ್ಚಿ!

ಈಗ ತೆಗೆಯಿರಿ, ಆ ಮಡಿಸಿಟ್ಟ ಚೀಟಿ!

2014ರ ಜುಲೈ. ಬೆಲ್ ಲ್ಯಾಬ್ಸ್. ಎಕ್ಸ್‌ಜಿ-ಫಾಸ್ಟ್ ಎಂಬ ಪ್ರಯೋಗ. ಎರಡು ಜೋಡಿ ಮಾಮೂಲಿ ಫೋನ್ ತಂತಿ, ಉದ್ದ 30 ಮೀಟರ್. ಬಂದ ವೇಗ?

10 ಜಿಬಿಪಿಎಸ್!

1962ರ 300 ಬಿಟ್‌ಗಳಿಂದ ಭಾಗಿಸಿ. ಎಷ್ಟು ಬಂತು?

3 ಕೋಟಿ 33 ಲಕ್ಷ ಪಟ್ಟು!!

ಎರಡು ಜೋಡಿ ಬಳಸಿದ್ದರಲ್ಲ ಅನ್ನುತ್ತೀರಾ? ಸರಿ, ಅರ್ಧ ಮಾಡಿ. ಆದರೂ ಒಂದೊಂದು ಜೋಡಿಗೆ 1 ಕೋಟಿ 66 ಲಕ್ಷ ಪಟ್ಟು! ದೂರ ಬರೀ 30 ಮೀಟರ್, ನಿಜ. ಆದರೆ ಬೀದಿಯ ಕಂಬದಿಂದ ನಿಮ್ಮ ಹಜಾರಕ್ಕೆ ಎಷ್ಟು ದೂರವಿದೆ, ಒಮ್ಮೆ ಅಳೆದು ನೋಡಿ!

ಇನ್ನೂ ಮನಸ್ಸಿಗೆ ಇಳಿಯಲಿಲ್ಲವೇ? ಹೀಗೆ ನೋಡಿ. 4 ಜಿಬಿಯ ಒಂದು ಸಿನಿಮಾ. 56 ಕೆಬಿಪಿಎಸ್ ಡಯಲ್-ಅಪ್‌ನಲ್ಲಿ ತರಿಸಿದರೆ ಆರೂವರೆ ದಿನ. ‘ಬೆಲ್ 103’ರಲ್ಲಾದರೆ 3 ವರ್ಷ 4 ತಿಂಗಳು ದಾಟುತ್ತದೆ. ಹುಟ್ಟಿದ ಮಗು ಅಂಗನವಾಡಿಗೆ ಹೋಗುವಷ್ಟು ಕಾಲ! ಎಕ್ಸ್‌ಜಿ-ಫಾಸ್ಟ್‌ನಲ್ಲಿ?

3.2 ಸೆಕೆಂಡ್!

ಈ ವಾಕ್ಯ ನೀವು ಓದಿ ಮುಗಿಸುವಷ್ಟರಲ್ಲಿ ಸಿನಿಮಾ ಮನೆಯೊಳಗೆ!

ಹಾಗಾದರೆ ತಾಮ್ರಕ್ಕೆ ಕೊನೆಯೇ ಇಲ್ಲವೇ?

ಇದೆ. ಅದನ್ನು ಹುಡುಕಿದ ಕಥೆಯೇ ನನ್ನ ಕೊನೆಯ ಅಚ್ಚರಿ. ಅದಕ್ಕೆ ಒಮ್ಮೆ 1881ಕ್ಕೆ ಹೋಗಿ ಬರಬೇಕು.

ಆಗಿನ ಫೋನುಗಳಿಗೆ ಇದ್ದದ್ದು ಒಂದೇ ತಂತಿ. ಮರಳಿ ಬರುವ ದಾರಿ ನೆಲ. ಪಕ್ಕದ ಟೆಲಿಗ್ರಾಫ್ ತಂತಿಯ ಟಕಟಕವೆಲ್ಲ ಕಿವಿಗೆ ಬಡಿಯುತ್ತಿತ್ತು. ಫೋನಿಗೆ ಪೇಟೆಂಟ್ ಪಡೆದು ಐದು ವರ್ಷವಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಒಂದು ಉಪಾಯ ಹೊಳೆಯಿತು. ಒಂದಲ್ಲ, ಎರಡು ತಂತಿ ಹಾಕಿ. ಹಾಕಿ, ಜಡೆಯಂತೆ ಒಂದಕ್ಕೊಂದು ಹೊಸೆಯಿರಿ!

ಹೊಸೆದರೆ ಏನಾಗುತ್ತದೆ? ಹೊರಗಿನ ಗಲಾಟೆ ಎರಡೂ ಎಳೆಗಳಿಗೆ ಸಮಸಮನಾಗಿ ಬೀಳುತ್ತದೆ. ಫೋನು ಆಲಿಸುವುದು ಎರಡರ ನಡುವಿನ ವ್ಯತ್ಯಾಸವನ್ನು. ಸಮವಾದದ್ದರಲ್ಲಿ ಸಮವಾದದ್ದು ಕಳೆದರೆ ಸೊನ್ನೆ! ಗಲಾಟೆ ಮಾಯ!

129 ವರ್ಷಗಳ ನಂತರ ವೆಕ್ಟರಿಂಗ್ 16,000 ಕೋಟಿ ಗುಣಾಕಾರ ಹಾಕಿ ಮಾಡಿದ್ದೂ ಗಲಾಟೆಯನ್ನು ಗಲಾಟೆಯಿಂದಲೇ ಕಳೆಯುವ ಕೆಲಸವನ್ನೇ. ಬೆಲ್ ಅದನ್ನು ಬರೀ ಕೈತಿರುವಿನಲ್ಲಿ ಮಾಡಿದ್ದರು!

ಈಗ 2022ಕ್ಕೆ ಬನ್ನಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಹೊಸೆದ ತಾಮ್ರದ ಕಟ್ಟಕಡೆಯ ಗಡಿ ಹುಡುಕಲು ಹೊರಟರು. ಸಿಕ್ಕಿತು! ಸುಮಾರು 5 ಗಿಗಾಹರ್ಟ್ಸ್. ಅಜ್ಜಿಯ ಮಾತಿಗೆ ಕೊಟ್ಟಿದ್ದ 4 ಕಿಲೋಹರ್ಟ್ಸ್‌ನ ಹನ್ನೆರಡೂವರೆ ಲಕ್ಷ ಪಟ್ಟು! ನಮ್ಮ ಅರಮನೆಗೆ 26,000 ಅಂಕಣ ಅಂದಿದ್ದೆನಲ್ಲ, ಹಿಂದೆ ಇನ್ನೂ ಲಕ್ಷಗಟ್ಟಲೆ ಇದ್ದವು!

ಆ ಗಡಿಯಾಚೆ ಏನಾಗುತ್ತದೆ? ತಂತಿ ತಂತಿಯಾಗಿ ಉಳಿಯುವುದೇ ಇಲ್ಲ. ಆಂಟೆನಾ ಆಗಿಬಿಡುತ್ತದೆ! ಒಳಗಿರಬೇಕಾದ ಅಲೆಯನ್ನು ಗಾಳಿಗೆ ತೂರಿಬಿಡುತ್ತದೆ.

ಗಡಿ ಹಾಕಿದವರು ಯಾರು? ಕೊನೆಯ ಸಲ ಊಹಿಸಿ!

ಆ ತಿರುವೇ! ಬೆಲ್ ಹೊಸೆದ ಅದೇ ತಿರುವು! ಅಲೆಯ ಉದ್ದ ಕುಗ್ಗುತ್ತ ಕುಗ್ಗುತ್ತ ತಿರುವಿನ ಅಳತೆಯ ಹತ್ತಿರಕ್ಕೆ ಬಂದಾಗ, ತಿರುವು ಅದನ್ನು ಹಿಡಿದಿಡಲಾರದೆ ಹೊರಗೆ ಚೆಲ್ಲುತ್ತದೆ. ತಂತಿಯನ್ನು ಕಾಪಾಡಿದ ಜಡೆಯೇ ಅದರ ಗಡಿಯನ್ನೂ ಕಟ್ಟಿತ್ತು. 1881ರಲ್ಲೇ ಕಟ್ಟಿತ್ತು! ಅದನ್ನು ಮುಟ್ಟಿ ನೋಡಲು ನಮಗೆ 141 ವರ್ಷ ಹಿಡಿಯಿತು!

‘ಈಗ ಮನೆಗೇ ಫೈಬರ್ ಬಂದಿದೆ, ತಾಮ್ರದ ಕಾಲ ಮುಗಿಯಿತು’ ಅನ್ನುತ್ತೀರೇನೋ. ಎದ್ದು ಹೋಗಿ ನಿಮ್ಮ ಫೈಬರ್ ಪೆಟ್ಟಿಗೆಯ ಹಿಂದೆ ನೋಡಿ. ಅಲ್ಲಿಂದ ಕಂಪ್ಯೂಟರಿಗೋ ಇನ್ನೊಂದು ಪೆಟ್ಟಿಗೆಗೋ ಒಂದು ಲ್ಯಾನ್ ಕೇಬಲ್ ಹೋಗಿದೆಯೇ? ಹಾಗಾದರೆ ಹಳೆಯ ಲ್ಯಾನ್ ಕೇಬಲ್‌ನ ಒಂದು ತುಂಡು ಹುಡುಕಿ, ಸಿಪ್ಪೆ ಸುಲಿಯಿರಿ.

ಒಳಗೆ ಎಂಟು ತಾಮ್ರದ ಎಳೆ. ಎರಡೆರಡರಂತೆ ನಾಲ್ಕು ಜಡೆ. ಒಂದರ ಹೊಸೆತದ ಹಾಗೆ ಇನ್ನೊಂದರದ್ದಿಲ್ಲ. ಪಕ್ಕದವರ ಗಲಾಟೆ ತಾಕದಿರಲೆಂದೇ ಹಾಗೆ!

ಬೆರಳಲ್ಲಿ ಮುಟ್ಟಿ. 1881ರ ತಿರುವು ಅದು. ನೀವು ನಿನ್ನೆ ನೋಡಿದ ಸಿನಿಮಾ ಅದರ ಮೇಲೇ ಸುತ್ತಿ ಸುತ್ತಿ ಬಂದದ್ದು!